ಉಪ್ಪು ನೋಡುವ ಕೆಲಸ

ಟಣ್, ಟಣ್. ಸ್ವಲ್ಪ ತಡೆದು ಇನ್ನೊಂದು ಟಣ್.

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನಾವಿರುವ ಬಿಲ್ಡಿಂಗಿನ ಅಡಿಗೆಮನೆಗಳು ಒಂದರ ಮೇಲೊಂದು ಇವೆ. ಕೆಳಗಿನ ಮನೆಯ ನೀರಿನ ಪೈಪ್ ಗೋಡೆ ಹಿಡಿದು ನಮ್ಮ ಸಿಂಕಿನ ಪಕ್ಕಕ್ಕೆ ಏರಿ ಬರುತ್ತದೆ. ಕೆಳಗೆ ಖತೀಜಮ್ಮ ಸೌಟಿನಿಂದ ಆ ಪೈಪಿಗೆ ಬಡಿದರೆ ಮೇಲೆ ನಮ್ಮ ಸ್ಟೀಲ್ ತಟ್ಟೆಗಳೂ ಸಣ್ಣಗೆ ನಡುಗುತ್ತಿದ್ದವು. ಅರ್ಥ ಇಷ್ಟೇ: ಟೀಚರ್ ಬಾಯಿ, ಇಳಿದು ಬನ್ನಿ, ಉಪ್ಪು ನೋಡಿ.

ಮೊನ್ನೆ ರೂವಿಯ ಸೂಪರ್ ಮಾರ್ಕೆಟ್ಟಿನಲ್ಲಿ ಹಣ್ಣಿನ ವಿಭಾಗ ದಾಟುವಾಗ ಪ್ಲಾಸ್ಟಿಕ್ ಸುತ್ತಿಟ್ಟ ದುರಿಯಾನ್ ತೊಳೆಗಳು ಕಂಡವು. ಎಷ್ಟು ಸುತ್ತಿದರೂ ಅದರ ವಾಸನೆ ಹೊರಗೆ ಬಂದೇ ಬರುತ್ತದೆ. ನನ್ನ ಮುಂದಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಟ್ರಾಲಿ ತಿರುಗಿಸಿದಳು. ನಾನು ಮಾತ್ರ ಅಲ್ಲೇ ನಿಂತೆ. ಮಗಳು ಲವೀನಾ ಎರಡು ಸಲ, "ಮಮ್ಮಿ, ವಾಟ್ ಹ್ಯಾಪನ್ಡ್?" ಎಂದಳು. ನನಗೆ ಆ ಪೈಪಿನ ಸದ್ದು ಕೇಳುತ್ತಿತ್ತು.

ಈ ಕೆಲಸ ಶುರುವಾದದ್ದು ಬಹಳ ಹಿಂದೆ, ನಾನು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ. ಖತೀಜಮ್ಮ ಉಳ್ಳಾಲದ ಬ್ಯಾರಿಗಳ ಮನೆಯವರು. ಗಂಡ ಇಲ್ಲೇ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕಿದ್ದರು, ಅವರು ತೀರಿದ ಮೇಲೆ ಮಗ ನಜೀರ್ ನಡೆಸುತ್ತಿದ್ದಾನೆ. ಅಂಗಡಿಯ ಹುಡುಗರೆಲ್ಲ ಊರಿನ ಕಡೆಯವರು. ರಂಜಾನ್ ಬಂತೆಂದರೆ ಅವರೆಲ್ಲ ಉಪವಾಸ ಬಿಡುವುದು ಖತೀಜಮ್ಮನ ಮನೆಯಲ್ಲಿ. ಅಷ್ಟು ಜನಕ್ಕೆ ಗಂಜಿ, ಪತ್ತಿರ್ ಎಂಬ ಅಕ್ಕಿ ರೊಟ್ಟಿ, ಮಟನ್ ಸಾರು ಮಾಡಬೇಕು, ಆದರೆ ಮಾಡುವವರೂ ಉಪವಾಸ. ತೀರಾ ಬೇಕಾದರೆ ನಾಲಗೆಯ ತುದಿಗೆ ತಾಗಿಸಿ ಉಗಿದು ಬಾಯಿ ತೊಳೆಯಬಹುದಂತೆ. ಖತೀಜಮ್ಮನಿಗೆ ಅದು ಮನಸ್ಸಿಗೆ ಬರುತ್ತಿರಲಿಲ್ಲ. ಮೇಲಿನ ಮನೆಯಲ್ಲಿ ಉಪವಾಸವಿಲ್ಲದ ಒಂದು ಕ್ಯಾಥೊಲಿಕ್ ನಾಲಗೆ ಇರುವಾಗ ತಾನೇಕೆ ಹೆದರಿ ಹೆದರಿ ತಾಗಿಸಬೇಕು ಎಂಬುದು ಅವರ ಲೆಕ್ಕ. ನಾನು ಇಳಿದು ಹೋಗುವೆ, ಅವರು ಸೌಟಿನ ತುದಿಯಿಂದ ನನ್ನ ಅಂಗೈಗೆ ಒಂದು ಹನಿ ಬಿಡುವರು, ಹುಬ್ಬು ಮೇಲಕ್ಕೆತ್ತುವರು. ನಾನು ತಲೆಯಾಡಿಸುವೆ. ಮಾತೇ ಇಲ್ಲ.

ರಿಟೈರ್ ಆದ ಮೇಲೆ ನನಗೆ ಒಂದು ಕಡೆ ಕುಳಿತುಕೊಳ್ಳಲು ಆಗುವುದಿಲ್ಲ. ಚಿಕ್ಕಂದಿನಲ್ಲಿ ಬೋರ್ಡಿಂಗಿನಲ್ಲಿ ಸಿಸ್ಟರ್ ಒಬ್ಬರು, "ಡೋಂಟ್ ಫಿಜೆಟ್, ಚೈಲ್ಡ್" ಎಂದು ಸ್ಕೇಲಿನಿಂದ ಮಂಡಿಗೆ ತಟ್ಟುತ್ತಿದ್ದರು. ಆ ಮಂಡಿ ಈಗಲೂ ಸುಮ್ಮನಿಲ್ಲ. ಹಾಲಿನ ಕಿಟಕಿಯಿಂದ ಅಡಿಗೆಮನೆಯ ಕಿಟಕಿಗೆ, ಅಲ್ಲಿಂದ ಬಾಲ್ಕನಿಗೆ. ಹೊರಗೆ ನೋಡಿದರೆ ಅದೇ ಬೋಳು ಗುಡ್ಡ, ಅದೇ ಟೈರ್ ಅಂಗಡಿ. ರಂಜಾನಿನಲ್ಲಾದರೆ ಪೈಪ್ ಯಾವಾಗ ಬಡಿದೀತೆಂದು ಕಾಯುವುದೇ ದಿನದ ಟೈಮ್‌ಟೇಬಲ್ ಆಗಿತ್ತು.

ಒಂದು ಡಿಸೆಂಬರಿನಲ್ಲಿ ನಜೀರ್ ಮನೆಯವರಿಗೆಲ್ಲ ಕ್ವಾಲಾಲಂಪುರಕ್ಕೆ ಟಿಕೆಟ್ ಮಾಡಿಸಿದ. ಹೊರಡುವ ಮೊದಲು ಅಂಗಡಿಯಲ್ಲಿ ಏನೋ ಮಾಲು ಬರುವುದಿದ್ದು ತಾನು ಉಳಿದುಕೊಂಡ. ಹೆಂಡತಿ ಸಬೀರಾ, ಮಗಳು ಫಿದಾ, ತಾಯಿ ಹೋಗಿಬರಲಿ ಎಂದ. ಟೀಚರ್ ಬಾಯಿ ಬಂದರೆ ಮಾತ್ರ ತಾನು ಬರುವುದು ಎಂದು ಖತೀಜಮ್ಮ ಹಟ ಹಿಡಿದರು. ಲವೀನಾ ಒಂದೇ ಮಾತಿಗೆ ನನ್ನ ಟಿಕೆಟ್ ತೆಗೆದಳು. ಅವಳಿಗೂ ಮನೆಯೊಳಗೆ ಸ್ವಲ್ಪ ದಿನ ನನ್ನ ನಡಿಗೆಯ ಸದ್ದು ಕೇಳದಿದ್ದರೆ ಸಾಕಿತ್ತು ಎನಿಸಿರಬೇಕು.

ಮಸ್ಕತ್ತಿನ ಒಣ ಗಾಳಿಯಿಂದ ಹೋಗಿ ಇಳಿದವರಿಗೆ ಆ ಊರು ಬೆಂದ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯಿತು. ಎಲ್ಲೆಲ್ಲೂ ಹಸಿರು, ಹಬೆ, ಹಾರ್ನು. ಮಧ್ಯಾಹ್ನವಾಗುವಾಗ ನಮ್ಮ ಜುಲೈ ತಿಂಗಳ ಮಳೆಯಂಥ ಮಳೆ ಸುರಿದು, ಅರ್ಧ ಗಂಟೆಯಲ್ಲಿ ನಿಂತು, ರಸ್ತೆಯಿಂದ ಹಬೆ ಏಳುತ್ತಿತ್ತು. ತಲೆಯ ಮೇಲೆ ಮಾನೋರೈಲು, ಕಾಲಡಿ ಚರಂಡಿಯ ನೀರು. ನನಗಂತೂ ಬಹಳ ಹಿಡಿಸಿತು. ನನ್ನ ಹಾಗೆ ಸುಮ್ಮನೆ ಕೂರಲಾರದ ಊರು ಅದು.

ಸಬೀರಾ ಫೋನಿನಲ್ಲಿ ಸೈಟ್‌ಸೀಯಿಂಗ್ ಎಲ್ಲ ಗುರುತು ಮಾಡಿಟ್ಟಿದ್ದಳು. ಜೋಡಿ ಗೋಪುರದ ಎದುರು ಕುತ್ತಿಗೆ ನೋಯುವಷ್ಟು ಹೊತ್ತು ಫೋಟೋ ತೆಗೆದೆವು. ದೊಡ್ಡ ಮಸೀದಿಯಲ್ಲಿ ಬೇರೆ ಧರ್ಮದವರಿಗೆಲ್ಲ ನೇರಳೆ ಬಣ್ಣದ ನಿಲುವಂಗಿ ಕೊಡುತ್ತಾರೆ, ತಲೆಗೆ ಟೊಪ್ಪಿಯೂ ಅದರಲ್ಲೇ ಹೊಲಿದಿರುತ್ತದೆ. ನಾನು ಅದನ್ನು ತೊಟ್ಟು ಹೊರಬಂದಾಗ ಖತೀಜಮ್ಮ ಕಂಬಕ್ಕೆ ಒರಗಿಕೊಂಡು ನಕ್ಕರು.

"ಪಾದ್ರಿಗಳಿಗೆ ಫೋಟೋ ಕಳಿಸುದಾ, ಟೀಚರ್ ಬಾಯಿ?"

"ಕಳಿಸಿ. ಕಲರ್ ನೋಡಿ ಅವರು ನನ್ನನ್ನು ಬಿಷಪ್ ಅಂದ್ಕೊಳ್ತಾರೆ."

ಆದರೆ ಖತೀಜಮ್ಮನಿಗೆ ಗೋಪುರ, ಮಸೀದಿ, ಚಿಟ್ಟೆ ಪಾರ್ಕು ಯಾವುದೂ ಬೇಡವಾಗಿತ್ತು. ಅವರಿಗೆ ತಿನ್ನುವ ಜಾಗಗಳು ಬೇಕಿದ್ದವು. ಬೆಳಿಗ್ಗೆ ಬೀದಿ ಬದಿಯಲ್ಲಿ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಮೇಲೆ ಹುರಿದ ಒಣ ಸಣ್ಣ ಮೀನು, ಬಾಳೆಲೆಯಲ್ಲಿ ಕಟ್ಟಿದ್ದು. ಎರಡು ತುತ್ತು ತಿಂದು ಪಕ್ಕಕ್ಕಿಟ್ಟು ಮುಂದಿನ ಅಂಗಡಿಗೆ. ಅಲ್ಲಿ ತಮಿಳು ಮುಸ್ಲಿಮರೊಬ್ಬರು ದೊಡ್ಡ ಕಾವಲಿಯ ಮೇಲೆ ಪರೋಟದಂಥ ರೊಟ್ಟಿ ಹಾಕುತ್ತಿದ್ದರು. ಅವರು ಸಟ್ಟುಗದಿಂದ ಕಾವಲಿಯ ಅಂಚಿಗೆ ಟಣ್ ಟಣ್ ಎಂದು ಬಡಿದಾಗ ನಾನು ಅಭ್ಯಾಸಬಲದಿಂದ ಕುರ್ಚಿ ಬಿಟ್ಟು ಎದ್ದು ನಿಂತೆ. ಫಿದಾ ನೀರು ನೆತ್ತಿಗೇರುವಷ್ಟು ನಕ್ಕಳು. ಖತೀಜಮ್ಮ ನಗಲಿಲ್ಲ. ಸಾರಿನ ಬಟ್ಟಲನ್ನು ನನ್ನ ಕಡೆ ಸರಿಸಿ, ಮೆಲ್ಲಗೆ, "ಉಪ್ಪು ಸರಿ ಉಂಟಾ?" ಎಂದು ಕೇಳಿದರು.

ರಂಜಾನ್ ಅಲ್ಲ, ಅವರ ಅಡಿಗೆಯೂ ಅಲ್ಲ. ನನಗೆ ವಿಚಿತ್ರವೆನಿಸಿತು. ಸರಿ ಇದೆ ಎಂದೆ. ಆಮೇಲೆ ತಿಂದರು.

ಎರಡನೇ ದಿನವೂ ಹಾಗೇ. ಒಣ ಸಿಗಡಿಯ ಮುದ್ದೆಯನ್ನು ಕೆಂಡದಲ್ಲಿ ಸುಡುವವನ ಮುಂದೆ, ಕೆಮ್ಮು ಬರುವ ಹೊಗೆಯಲ್ಲಿ, ಅವರು ಬಾಗಿ ನಿಂತರು. ಮೀನಿನ ಮಾರ್ಕೆಟ್ಟಿಗೆ ಹೋಗಲೇಬೇಕೆಂದರು; ಅಲ್ಲಿಂದ ಸೊಪ್ಪಿನವರ ಸಾಲಿಗೆ, ಅಲ್ಲಿಂದ ಮಸಾಲೆ ಅಂಗಡಿಗೆ. ಎಲ್ಲಿಯೂ ನಿಲ್ಲುವುದಿಲ್ಲ. ಒಂದೊಂದನ್ನೂ ಎತ್ತಿ, ಮುಖದ ಹತ್ತಿರ ತಂದು, ಇಟ್ಟು, ಮುಂದೆ. ಊರಿನಲ್ಲಿ ಅತಿ ರೆಸ್ಟ್‌ಲೆಸ್ ಹೆಂಗಸು ನಾನೇ ಎಂದುಕೊಂಡಿದ್ದೆ. ಅವರ ಹಿಂದೆ ಓಡಿ ನನಗೇ ಸುಸ್ತಾಯಿತು. ಮಾಮಿಗೆ ಈ ವಯಸ್ಸಿನಲ್ಲಿ ಇಂಥ ಬಾಯಿಚಪಲ ಎಲ್ಲಿಂದ ಬಂತೋ ಎಂದು ಸಬೀರಾ ನನ್ನ ಕಿವಿಯಲ್ಲಿ ಹೇಳಿದಳು. ಹೇಳುವಾಗ ಪ್ರೀತಿಯೇ ಇತ್ತು.

ಆ ಸಂಜೆ ಮಳೆ ನಿಂತ ಮೇಲೆ ದುರಿಯಾನ್ ಅಂಗಡಿ. ನಮ್ಮ ಹೋಟೆಲಿನ ಲಿಫ್ಟಿನಲ್ಲಿ ಆ ಹಣ್ಣಿನ ಚಿತ್ರಕ್ಕೆ ಕೆಂಪು ಗೀಟು ಎಳೆದು ಒಳಗೆ ತರಬಾರದೆಂದು ಬರೆದಿತ್ತು, ಹಾಗಾಗಿ ಫಿದಾಗೆ ಅದನ್ನು ತಿನ್ನಲೇಬೇಕೆಂಬ ಆಸೆ. ಅಂಗಡಿಯವ ನಮಗೆ ಪ್ಲಾಸ್ಟಿಕ್ ಕೈಗವಸು ಕೊಟ್ಟು ಮುಳ್ಳಿನ ಹಣ್ಣನ್ನು ಕತ್ತಿಯಿಂದ ಸೀಳಿದ. ಫಿದಾ, "ಓ ಮೈ ಗಾಡ್, ಗ್ರ್ಯಾಂಡ್‌ಮಾ" ಎಂದು ದೂರ ಓಡಿದಳು. ಸಬೀರಾ ಶಾಲಿನಿಂದ ಮೂಗು ಮುಚ್ಚಿಕೊಂಡಳು. ನಾನೂ ಕರ್ಚೀಫ್ ತೆಗೆದೆ. ಖತೀಜಮ್ಮ ಮಾತ್ರ ಹಣ್ಣಿನ ಮೇಲೆ ಬಾಗಿದ್ದವರು ಬಾಗಿದ ಹಾಗೇ ಇದ್ದರು. ಆಮೇಲೆ ತಲೆಯೆತ್ತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನೋಡಿ, ತಾವೂ ಶಾಲು ಎಳೆದು ಮೂಗಿಗೆ ಹಿಡಿದುಕೊಂಡರು.

ಕ್ಲಾಸಿನಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ! ಆ ಒಂದು ಕ್ಷಣದ ತಡ ನನಗೆ ಚೆನ್ನಾಗಿ ಗೊತ್ತು.

ನಮಗಿಬ್ಬರಿಗೂ ಒಂದೇ ರೂಮು. ನಮಾಜ್ ಮುಗಿಸಿ ಅವರು ಮಂಚದ ಅಂಚಿಗೆ ಕುಳಿತ ಮೇಲೆ, ಹಣ್ಣಿನ ವಾಸನೆ ಹೇಗಿತ್ತು ಎಂದು ನಾನು ಕೇಳಿದೆ.

ಅವರು ಕಾಲಿನ ಬೆರಳು ನೋಡಿಕೊಂಡು ಹೇಳಿದರು. "ನಂಗೆ ಎಂತದೂ ಬರುದಿಲ್ಲ, ಟೀಚರ್ ಬಾಯಿ. ಕಳೆದ ಬೇಸಗೆಯಲ್ಲಿ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮೇಲೆ ಮೂಗು ಸತ್ತು ಹೋಗಿದೆ. ಬಾಯಿಯೂ. ಖಾರ ಆದ್ರೆ ಸುಡ್ತದೆ, ಉಳಿದದ್ದೆಲ್ಲ ಹತ್ತಿ ಜಗಿದ ಹಾಗೆ."

ಡಾಕ್ಟರಿಗೆ ತೋರಿಸಿದ್ದರಂತೆ, ಮೊಣಕಾಲು ನೋವೆಂದು ಮಗನಿಗೆ ಸುಳ್ಳು ಹೇಳಿ. ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ಇಷ್ಟೊಂದು ವಾಸನೆಯ ಊರು ಎಂದು ಯಾರೋ ಹೇಳಿದ್ದು ಕೇಳಿ, ಇಲ್ಲಿ ಯಾವುದಾದರೂ ಒಂದು ಒಳಗೆ ಹೊಕ್ಕೀತು ಎಂದು ಬಂದವರು ಅವರು. ಬಾಯಿಚಪಲ ಎಂದು ನಾವು ನಕ್ಕದ್ದೆಲ್ಲ ಅದೇ ಹುಡುಕಾಟ.

"ನಜೀರನಿಗೆ ಹೇಳಿಬಿಡಿ" ಎಂದೆ.

"ಹೇಳಿದ್ರೆ ಒಲೆ ಹತ್ತಿರ ಬಿಡ್ತಾನಾ? ಅವ ಒಳ್ಳೆಯವ, ಅದೇ ತೊಂದ್ರೆ. ಉಮ್ಮಾ, ಸಾಕು, ನೀವು ಕೂತ್ಕೊಳ್ಳಿ ಅಂತಾನೆ. ಕೂತ್ಕೊಂಡು ಎಂತ ಮಾಡುದು ಈ ಮಸ್ಕತ್ತಿನಲ್ಲಿ? ಮತ್ತೆ ಊರಿಗೆ ಕಳಿಸ್ತಾನೆ, ಮಗಳ ಮನೆಗೆ. ಅಲ್ಲಿಯೂ ಕೂತ್ಕೊಳ್ಳುದು." ದಿಂಬನ್ನು ಮಡಿಲಿಗೆ ಎಳೆದುಕೊಂಡು, "ಈ ರಂಜಾನ್ ಒಂದು ಆಗ್ಲಿ. ಆ ಹುಡುಗರಿಗೆ ಇದೊಂದು ವರ್ಷ ನನ್ನ ಕೈಯದ್ದೇ ಆಗ್ಲಿ. ನೀವು ಯಾರಿಗೂ ಹೇಳ್ಬೇಡಿ" ಎಂದರು.

ಹೇಳುವುದಿಲ್ಲ ಎಂದೆ. ಆಮೇಲೆ ಅವರು, ಆ ಹಣ್ಣು ನಿಜವಾಗಿ ಹೇಗೆ ನಾರುತ್ತದೆ, ನೀವಾದರೂ ಹೇಳಿ ಎಂದರು. ಇಡೀ ಸರ್ವಿಸ್ ಮಕ್ಕಳಿಗೆ ಅಡ್ಜೆಕ್ಟಿವ್ ಕಲಿಸಿದವಳು ನಾನು. ಒಂದು ವಾಸನೆಗೆ ಶಬ್ದ ಸಿಗದೆ ಒದ್ದಾಡಿದೆ. ಕೊನೆಗೆ, "ಅಡಿಗೆಮನೆಯಲ್ಲಿ ಗ್ಯಾಸ್ ಸೋರಿದ ಹಾಗೆ. ಅದರಲ್ಲಿ ಕೊಳೆತ ನೀರುಳ್ಳಿ. ಅದರ ಮೇಲೆ ಯಾರೋ ಕಸ್ಟರ್ಡ್ ಹೊಯ್ದ ಹಾಗೆ" ಎಂದೆ. ಅವರು ದಿಂಬಿಗೆ ಮುಖ ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೂ ಮುಖ ಎತ್ತಲಿಲ್ಲ.

ಉಳಿದ ದಿನಗಳಲ್ಲಿ ನಾವಿಬ್ಬರೂ ಸೇರಿ ಹುಡುಕಿದೆವು. ಅವರು ಬಾಗುವುದು, ನಾನು ಪಕ್ಕದಲ್ಲಿ ನಿಂತು ಕಾಮೆಂಟರಿ ಕೊಡುವುದು. ಇದು ಎಳೆ ಶುಂಠಿ. ಇದು ನಮ್ಮ ಮಜ್ಜಿಗೆ ಹುಲ್ಲಿನ ಹಾಗೆ, ನಿಂಬೆ ವಾಸನೆ. ಈ ಹಸಿರು ಎಲೆ ಹಾಕಿದ ಅನ್ನ ಬಾಸ್ಮತಿಯ ಹಾಗೆ. ಏನೂ ಒಳಹೊಗಲಿಲ್ಲ. ಕೊನೆಯ ದಿನ ಮಳೆಗೆ ಸಿಕ್ಕಿ ಒಂದು ಅಂಗಡಿಯ ಸೂರಿನಡಿ ನಿಂತಾಗ, ಅವರು ಬೀದಿಗೆ ಕೈಚಾಚಿ ಅಂಗೈ ತುಂಬ ಮಳೆನೀರು ಹಿಡಿದು ಮೂಗಿಗೆ ತಂದರು. ಅವರು ಕೈ ಕೊಡವಿ ಶಾಲಿಗೆ ಒರೆಸಿಕೊಂಡರು.

ಹಿಂದಿನ ವರ್ಷಗಳಲ್ಲಿ ಅವರ ರಂಜಾನೂ ಈಸ್ಟರಿಗೆ ಮೊದಲಿನ ನಮ್ಮ ತಪಸ್ಸು ಕಾಲವೂ ಅಂಚಿಗೆ ಅಂಚು ತಾಗಿಕೊಂಡು ಬರುತ್ತಿದ್ದವು. ಬೋರ್ಡಿಂಗಿನ ದಿನಗಳಿಂದಲೂ ನಾನು ತಪಸ್ಸು ಕಾಲ ಮುಗಿಯುವವರೆಗೆ ಮೀನು ಮಾಂಸ ಮುಟ್ಟುವವಳಲ್ಲ. ಆ ದಿನಗಳಲ್ಲಿ ಖತೀಜಮ್ಮ ನನಗೆ ಗಂಜಿ, ಕಡಲೆ ಮಾತ್ರ ರುಚಿ ನೋಡಲು ಕೊಟ್ಟು, ಮಟನ್ನಿನ ಉಪ್ಪನ್ನು ಕೈಯ ಅಂದಾಜಿನಲ್ಲೂ ಮಸಾಲೆಯನ್ನು ಮೂಗಿನಲ್ಲೂ ಅಳೆಯುತ್ತಿದ್ದರು. ಆ ವರ್ಷ ಎರಡೂ ಒಂದೇ ವಾರದಲ್ಲಿ ಶುರುವಾದವು. ತಪಸ್ಸು ಕಾಲದ ಮೊದಲ ದಿನ ಚರ್ಚಿನಲ್ಲಿ ಹಚ್ಚಿದ ಬೂದಿ ಹಣೆಯಲ್ಲಿ ಇನ್ನೂ ಅಳಿಸಿರಲಿಲ್ಲ, ಪೈಪ್ ಬಡಿಯಿತು.

ಕೆಳಗೆ ಮನೆ ತುಂಬ ಕರಟಿದ ತೆಂಗಿನಕಾಯಿಯ ವಾಸನೆ. ಮಸಾಲೆಗೆ ಹುರಿದದ್ದು ಹದ ಮೀರಿ ಹೋಗಿತ್ತು. ಅವರಿಗೆ ಗೊತ್ತಿಲ್ಲ, ಬಣ್ಣ ನೋಡಿ ಹುರಿದಿದ್ದರು, ಕಣ್ಣು ಮೋಸ ಮಾಡಿತ್ತು. ಅದನ್ನು ಚೆಲ್ಲಿ ಇನ್ನೊಂದು ಸಲ ಹುರಿಸಿದೆ, ಪಕ್ಕದಲ್ಲಿ ನಿಂತು, ಈಗ, ಈಗ ಇಳಿಸಿ ಎಂದು. ಸಾರು ಕುದಿಯಿತು. ಸೌಟು ಹಿಡಿದು ಅವರು ನಿಂತೇ ಇದ್ದರು.

"ನಿಮ್ಮ ತಪಸ್ಸು ಕಾಲ. ನಂಗೆ ಗೊತ್ತುಂಟು. ವಾಸನೆ ನೋಡಿ ಹೇಳಿದ್ರೆ ಸಾಕು."

ಉಪ್ಪಿಗೆ ವಾಸನೆ ಎಲ್ಲಿದೆ? ಅಂಗೈ ಚಾಚಿದೆ. ಅವರು ಹನಿ ಬಿಡಲಿಲ್ಲ, ನಾನೇ ಅವರ ಮಣಿಕಟ್ಟು ಹಿಡಿದು ಬಗ್ಗಿಸಿದೆ. ಆ ಹನಿಯನ್ನು ನಾಲಗೆಯ ತುದಿಗೆ ತಾಗಿಸಿ, ಸಿಂಕಿಗೆ ಉಗಿದು, ಬಾಯಿ ತೊಳೆದೆ.

"ಇದು ನಮ್ಮವರ ಕ್ರಮ" ಎಂದರು ಅವರು.

"ಹೌದು. ಈಸ್ಟರ್‌ವರೆಗೆ ಎರವಲು" ಎಂದೆ. "ಉಪ್ಪು ಕಮ್ಮಿ."

ಹಾಗೆ ದಿನಾ ಇಳಿಹೊತ್ತಿನ ಅಸರ್ ನಮಾಜಿನ ನಂತರ ನಾನು ಕೆಳಗೆ. ಹುಡುಗರು ಬಂದು ಸಾಲಾಗಿ ಕುಳಿತು ತಿಂದು, ಉಮ್ಮನ ಸಾರು ಈ ವರ್ಷ ಇನ್ನೂ ಜೋರಾಗಿದೆ ಎಂದು ಹೇಳಿ ಹೋದರಂತೆ. ಅದನ್ನು ಖತೀಜಮ್ಮ ನನಗೆ ಮೂರು ನಾಲ್ಕು ಸಲ ಹೇಳಿದರು. ನನಗೂ ಆ ದಿನಗಳಲ್ಲಿ ಬಾಲ್ಕನಿಗೂ ಕಿಟಕಿಗೂ ನಡೆಯುವುದು ಕಡಿಮೆಯಾಗಿತ್ತು, ಲವೀನಾ ಗಮನಿಸಿದ್ದಳು.

ರಂಜಾನ್ ಕೊನೆಗೆ ಬರುತ್ತಿತ್ತು. ಒಂದು ಶುಕ್ರವಾರ ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಬಂದೆ. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತುತ್ತಿದ್ದಾಗ ದುರಿಯಾನ್ ವಾಸನೆ ಬಂತು. ನಗುವೇ ಬಂತು ನನಗೆ. ಈ ಹೆಂಗಸು ಎಲ್ಲಿಂದಲೋ ಆ ಹಣ್ಣು ತರಿಸಿದ್ದಾಳೆ, ಇನ್ನೂ ಬಿಟ್ಟಿಲ್ಲ ಎಂದುಕೊಂಡು ಎರಡು ಮೆಟ್ಟಿಲು ಹತ್ತಿದೆ. ಮೂರನೆಯದರಲ್ಲಿ ನಾನೇ ಆಡಿದ ಮಾತು ನೆನಪಾಯಿತು.

ಖತೀಜಮ್ಮನ ಮನೆಯ ಬಾಗಿಲು ಬರೇ ಎಳೆದಿಟ್ಟಿತ್ತು. ಅಡಿಗೆಮನೆಯಲ್ಲಿ ಗಂಜಿ ಉಕ್ಕಿ ಬೆಂಕಿ ನಂದಿಹೋಗಿ, ಗ್ಯಾಸ್ ಬುಸುಗುಟ್ಟುತ್ತಿತ್ತು. ಖತೀಜಮ್ಮ ಮಟನ್ನಿನ ಪಾತ್ರೆಯನ್ನು ಪಕ್ಕದ ಬರ್ನರಿನ ಮೇಲಿಟ್ಟು, ಲೈಟರ್ ಕೈಗೆತ್ತಿಕೊಂಡಿದ್ದರು.

"ಲೈಟರ್ ಕೆಳಗಿಡಿ" ಎಂದೆ. ಕ್ಲಾಸಿನ ದನಿ ಅದು, ಎಷ್ಟೋ ವರ್ಷದಿಂದ ಬಳಸಿರಲಿಲ್ಲ. ಅವರು ಇಟ್ಟರು. ನಾನು ತಿರುಪು ಮುಚ್ಚಿ, ಬಾಲ್ಕನಿಗೆ ಹೋಗಿ ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದೆ. ಅವರು ಇನ್ನೂ ಅರ್ಥವಾಗದೆ ಒಲೆಯನ್ನೂ ನನ್ನನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿನ ರೂಮಿನ ಬಾಗಿಲು ತೆರೆದು ಫಿದಾ ಬಂದಳು, ಕಿವಿಯಿಂದ ಇಯರ್‌ಫೋನ್ ಎಳೆಯುತ್ತ. "ವಾಟ್ಸ್ ದಟ್ ಸ್ಮೆಲ್, ಗ್ರ್ಯಾಂಡ್‌ಮಾ?"

ಮನೆಯಲ್ಲಿ ಮಗು ಇದ್ದದ್ದು ನನಗೂ ಗೊತ್ತಿರಲಿಲ್ಲ. ಏನಿಲ್ಲ, ಗಂಜಿ ಉಕ್ಕಿದ್ದು ಎಂದು ನಾನು ಅವಳನ್ನು ಹೊರಗೆ ಕಳಿಸಿದೆ. ಖತೀಜಮ್ಮನಿಗೆ ಮೆಲ್ಲಗೆ ಹೇಳಿದೆ, ಯಾರಿಗೂ ಗೊತ್ತಾಗುವುದಿಲ್ಲ, ನಾಳೆಯಿಂದ ಒಲೆ ಹಚ್ಚುವಾಗಲೂ ನಾನೇ ಬರುತ್ತೇನೆ, ಪೈಪ್ ಬಡಿದರೆ ಸಾಕು.

ಅವರು ತಲೆಯಾಡಿಸಿದರು, ಬೇಡ ಎಂಬಂತೆ. "ಮಗು ಒಳಗಿತ್ತು, ಟೀಚರ್ ಬಾಯಿ. ಖಲಾಸ್."

ಆ ಸಂಜೆ ಖರ್ಜೂರ, ಗಂಜಿ ಮುಗಿದು ಹುಡುಗರೆಲ್ಲ ತಟ್ಟೆಯ ಮುಂದೆ ಇರುವಾಗಲೇ ಅವರು ಹೇಳಿಬಿಟ್ಟರಂತೆ. ಸಬೀರಾ ಆಮೇಲೆ ನನ್ನ ಮುಂದೆ ಅತ್ತಳು. ನಜೀರ್ ತಲೆ ಎತ್ತಲಿಲ್ಲವಂತೆ. ತಟ್ಟೆ ಖಾಲಿ ಮಾಡಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ಅದನ್ನೂ ತಿಂದು, ಎದ್ದು ಹೋಗಿ ತಾಯಿಯ ಪಕ್ಕ ಕುಳಿತನಂತೆ. ಉಳಿದ ದಿನಗಳಲ್ಲಿ ಒಲೆ ಸಬೀರಾಳದ್ದು. ಖತೀಜಮ್ಮ ಕುರ್ಚಿ ಹಾಕಿಕೊಂಡು ಹೀಗೆ ಮಾಡು, ಹಾಗೆ ಮಾಡು ಎನ್ನುವುದು. ಉಪ್ಪು ನೋಡಲು ಕರೆಯಬೇಕಾದರೆ ಫಿದಾ ಮೇಲೆ ಬಂದು ನಮ್ಮ ಬೆಲ್ ಒತ್ತುತ್ತಿದ್ದಳು. ಪೈಪ್ ಬಡಿಯಲಿಲ್ಲ.

ಈದ್ ಆಯಿತು. ನಜೀರ್ ತಾಯಿಗೆ ಮಂಗಳೂರಿನ ಟಿಕೆಟ್ ಮಾಡಿಸಿದ. ಅವನನ್ನು ಏನೂ ಅನ್ನುವ ಹಾಗಿಲ್ಲ. ನನ್ನ ಮಗಳೂ ಹಾಗೇ ಮಾಡುತ್ತಿದ್ದಳು. ಶುಕ್ರವಾರ ಶುಕ್ರವಾರ ಅವರು ಊರಿನಿಂದ ಫೋನ್ ಮಾಡುತ್ತಾರೆ. ಮಗಳ ಮನೆಯಲ್ಲಿ ಕುರ್ಚಿ ಬಾಗಿಲ ಹತ್ತಿರ ಹಾಕಿಸಿಕೊಂಡಿದ್ದಾರಂತೆ, ಹೋಗಿ ಬರುವವರು ಕಾಣುತ್ತಾರಂತೆ. ಮೂಗಿನ ವಿಷಯ ನಾನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.

ಅವರು ಹೊರಟ ದಿನ ನಮ್ಮ ತಪಸ್ಸು ಕಾಲ ಇನ್ನೂ ಮುಗಿದಿರಲಿಲ್ಲ. ಕೆಳಗೆ ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದರು. ನಾನು ಇಳಿದು ಹೋದಾಗ ಖತೀಜಮ್ಮ ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು, ಮಡಿಲಲ್ಲಿ ಟವೆಲ್ ಸುತ್ತಿದ ಒಂದು ಡಬ್ಬಿ. ಕಿಟಕಿಯಿಂದ ಅದನ್ನು ನನ್ನ ಕೈಗೆ ಕೊಟ್ಟರು. ಬಿಸಿಯಾಗಿತ್ತು.

"ಮಟನ್. ಫ್ರೀಝರಿನಲ್ಲಿಡಿ, ಈಸ್ಟರಿಗೆ ತಿನ್ನಿ. ಸಬೀರಾ ಬೆಂಕಿ ಹಚ್ಚಿದ್ದು ಮಾತ್ರ, ಉಳಿದದ್ದೆಲ್ಲ ನಾನೇ. ಯಾರಿಗೂ ರುಚಿ ನೋಡ್ಲಿಕ್ಕೆ ಬಿಡ್ಲಿಲ್ಲ."

ನಜೀರ್ ಕಾರು ಸ್ಟಾರ್ಟ್ ಮಾಡಿದ. ಟೈರ್ ಅಂಗಡಿಯ ಮುಂದೆ ತಿರುಗಿಸಲು ಒಂದು ಸಲ ನಿಲ್ಲಿಸಿದಾಗ, ಅವರು ಗಾಜು ಪೂರ್ತಿ ಇಳಿಸಿ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು. ಕೈ ಬೀಸಲಿಲ್ಲ. ಹುಬ್ಬು ಮೇಲಕ್ಕೆತ್ತಿದರು.

ಡಬ್ಬಿ ನನ್ನ ಎದೆಗೆ ಒತ್ತಿಕೊಂಡೇ ಇತ್ತು, ಮುಚ್ಚಳ ತೆರೆದಿರಲಿಲ್ಲ. ನಾನು ತಲೆಯಾಡಿಸಿದೆ. ನಾಲಗೆಗೆ ತಾಗಿಸದೆ ಅವರಿಗೆ ಸರಿ ಎಂದದ್ದು ಅದೊಂದೇ ಸಲ.